ಫೀಜು ಕಟ್ಟಿದ್ದು

ತನ್ನ ತಂದೆ ಶಾಲೆಯ ಫೀಜನ್ನು 'ಟೈ' ಮಾಡಿದರೆಂದು ಬಾಲಕಿಯೊಬ್ಬಳು ಇಂಗ್ಲಿಷ್ ಅಭ್ಯಾಸಪುಸ್ತಕದಲ್ಲಿ ಬರೆದಿದ್ದಳು. ನಾವು ಕೆಂಪು ಶಾಯಿಯಿಂದ ಅದನ್ನು ಹೊಡೆದು 'ಪೇ' ಎಂದು ತಿದ್ದಿದೆವು. ತರಗತಿಯಲ್ಲಿ ಓದಿ ನಗಿಸಿದೆವು ಕೂಡ. ಆ ನಗೆ ಈಗ ನಮ್ಮನ್ನೇ ಚುಚ್ಚುತ್ತಿದೆ.

ಹುಡುಗಿ ತಪ್ಪಿದ್ದು ಇಂಗ್ಲಿಷಿನಲ್ಲಿ, ಕನ್ನಡದಲ್ಲಲ್ಲ. ಅಂಗಡಿಯವನಿಗೆ ಹಣ ಕೊಡುತ್ತೇವೆ; ಶಾಲೆಗೆ, ಕಚೇರಿಗೆ ಕಟ್ಟುತ್ತೇವೆ; ಸಾಲವನ್ನು ತೀರಿಸುತ್ತೇವೆ; ದಂಡವನ್ನು ತೆರುತ್ತೇವೆ. ತೆರಿಗೆ ಹುಟ್ಟಿದ್ದೂ ಈ ತೆರುವಿನಿಂದಲೇ. ಇಷ್ಟಕ್ಕೂ ಆಂಗ್ಲರಿಗೆ ಒಂದು 'ಪೇ' ಬಹುಮಟ್ಟಿಗೆ ಸಾಕು. ಅದರ ಮೂಲವಾದ ಲ್ಯಾಟಿನ್ ಪದಕ್ಕೆ ಸಮಾಧಾನಪಡಿಸುವುದೆಂದು ಅರ್ಥ; ಸಾಲ ಕೊಟ್ಟವನ ಬಾಯಿ ಮುಚ್ಚಿಸುವುದೆನ್ನೋಣ! 'ಸ್ಪೆಂಡ್' ಎಂಬುದರ ಹಿಂದೆ ತೂಗಿ ಕೊಡುವ ತಕ್ಕಡಿಯಿದೆ. 'ಡಿಸ್ಬರ್ಸ್' ಎಂಬುದರೊಳಗೆ ಹಣದ ಚೀಲವಿದೆ.

ನಮ್ಮ ವೆಚ್ಚವು ಸಂಸ್ಕೃತದ ವ್ಯಯದ ತದ್ಭವ. ಖರ್ಚು ಪಾರಸಿಯ ಮೂಲಕ ಬಂದುದು. 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಅನಂತಪುರಕ್ಕೆ ಸೇರಿದ ನಮ್ಮ ರಾಯದುರ್ಗದಲ್ಲಿ ಕಚೇರಿಯ ಭಾಷೆ ತೆಲುಗು. ಆದರೆ ತೆಲುಗರೂ ಫೀಜನ್ನು ಕಟ್ಟುವವರೇ. ಅವರ 'ಚೆಲ್ಲಿಂಚು' ನಮ್ಮ 'ಸಲ್ಲಿಸು'ವಿನ ಒಡಹುಟ್ಟು. ಗಡಿಯ ಗೆರೆ ಈ ಪದಗಳ ನಡುವೆ ಹಾಯ್ದಿಲ್ಲ.

ಮುಂದಿನ ತಿಂಗಳು ಆ ಹುಡುಗಿಯ ತಂದೆ ಬಂದರು. ಜೀನ್ಸು ಬಟ್ಟೆ ಹೊಲಿದು ಬದುಕುವವರು. ಟವಲಿನ ತುದಿಯ ಗಂಟನ್ನು ಬಿಚ್ಚಿ, ಮಡಿಸಿದ ನೋಟುಗಳನ್ನು ಎರಡು ಸಲ ಎಣಿಸಿ ಮೇಜಿನ ಮೇಲಿಟ್ಟು, "ಉಳಿದುದನ್ನು ಬರುವ ವಾರ ಕಟ್ಟುತ್ತೇನೆ, ಸ್ವಾಮಿ" ಎಂದರು.

ಅಂದು ಸಂಜೆ ಆ ಪುಸ್ತಕವನ್ನು ಹುಡುಕಿ ತೆಗೆದೆವು. ನಮ್ಮ ಕೆಂಪು ಗೀಟನ್ನು ಹಾಗೆಯೇ ಬಿಟ್ಟು, ಪಕ್ಕದಲ್ಲಿ 'ಕಟ್ಟು' ಎಂದು ಕನ್ನಡದಲ್ಲಿ ಬರೆದೆವು.