ಸೀತನಿ ತಿಂದ ಕೈ

ಬೆಂಗಳೂರಿನಲ್ಲಿರುವ ಮಗ ನಮ್ಮನ್ನೊಂದು ಹೋಟೆಲಿಗೆ ಕರೆದೊಯ್ದಿದ್ದ. ಮೇಜಿನ ನಡುವೆ ಕುಣಿ ಮಾಡಿ ಅದರಲ್ಲಿ ಕೆಂಡ ಇಟ್ಟಿದ್ದರು. ಕೆಂಡದ ಮೇಲೆ ಕಬ್ಬಿಣದ ಸರಳಿಗೆ ಪೋಣಿಸಿದ ಅನಾನಸು, ಪನೀರು, ಬಟಾಟೆ. ಇದಕ್ಕೆ ಬಾರ್ಬೆಕ್ಯೂ ಅನ್ನುತ್ತಾರೆಂದು ಸೊಸೆ ಹೇಳಿದಳು. ಬಿಲ್ಲು ನೋಡಿ ನಮ್ಮ ಯಜಮಾನರು ಒಂದು ಗ್ಲಾಸು ನೀರು ಕುಡಿದರು. ನನಗೆ ಮಾತ್ರ ಕೆಂಡದ ಮೇಲಿನ ಬೂದಿ ಕಂಡದ್ದೇ ಅಂಗೈ ಚುರುಗುಟ್ಟಿತು. "ಇದು ನಮ್ಮ ಸೀತನಿ ಸುಟ್ಟಂಗನ ಆತಲ್ಲ" ಎಂದೆ. ಸೊಸೆ ಮೈಸೂರು ಕಡೆಯವಳು. "ಸೀತನಿ ಅಂದ್ರೇನತ್ತೆ?" ಎಂದು ಕೇಳಿದಳು.

ನಿಮ್ಮಲ್ಲೂ ಕೆಲವರಿಗೆ ಗೊತ್ತಿರಲಿಕ್ಕಿಲ್ಲ. ನಮ್ಮ ಎರೆಭೂಮಿಯಲ್ಲಿ ಹಿಂಗಾರಿಗೆ ಬಿತ್ತಿದ ಬಿಳಿಜೋಳ ಡಿಸೆಂಬರ್, ಜನವರಿ ಹೊತ್ತಿಗೆ ಹಾಲುಗಾಳು ಕಟ್ಟುತ್ತದೆ. ಕಾಳು ಬಲಿಯುವ ಮುಂಚೆ ತೆನೆ ಮುರಿದು, ಹೊಲದಲ್ಲೇ ಸಣ್ಣ ಕುಣಿ ತೋಡಿ, ಕುಳ್ಳು ಉರಿಸಿ, ಆ ಕೆಂಡದ ಬೂದಿಯಲ್ಲಿ ತೆನೆ ಹುಗಿಯುತ್ತಾರೆ. ಹದವಾಗಿ ಬೆಂದ ತೆನೆಯನ್ನು ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿದರೆ ಹಸಿರು ಮುತ್ತಿನಂಥ ಕಾಳು ಉಳಿಯುತ್ತದೆ. ಜೊತೆಗೆ ಶೇಂಗಾ ಹಿಂಡಿ, ಬೆಲ್ಲ, ಗಟ್ಟಿ ಮೊಸರು. ಮೊಸರು ಕೊಲ್ಹಾರದ್ದಾದರೆ ಕೇಳುವುದೇ ಬೇಡ. (ಹಳೆಯ ಕೊಲ್ಹಾರ ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿತು, ಅದರ ಮೊಸರಿನ ಹೆಸರು ಮುಳುಗಲಿಲ್ಲ.) ಸೋಲಾಪುರದ ಕಡೆಯವರು ಇದಕ್ಕೇ ಹುರ್ಡಾ ಎನ್ನುತ್ತಾರೆ. ಇಷ್ಟನ್ನೂ ಸೊಸೆಗೆ ಹೇಳಿದೆ. ಹೇಳದೆ ಉಳಿಸಿಕೊಂಡದ್ದು ಇಲ್ಲಿದೆ.

1985ರಲ್ಲಿ ನಾನು ಬಸವನ ಬಾಗೇವಾಡಿಯಲ್ಲಿ ಬಿ.ಎ. ಎರಡನೇ ವರ್ಷ ಓದುತ್ತಿದ್ದೆ. ಆಗ ನಮ್ಮದು ಬಿಜಾಪುರ ಜಿಲ್ಲೆ. ವಿಜಯಪುರ ಎಂದಾದದ್ದು 2014ರಲ್ಲಿ. ಕಾಲೇಜಿನ ಹುಡುಗಿಯರ ಖೋ ಖೋ ತಂಡದಲ್ಲಿ ನಾವು ಹನ್ನೆರಡು ಮಂದಿ. ಹೆಸರು ಹಿಡಿದು ಕರೆಯುವುದು ಕಡಿಮೆ. ಮನಗೂಳಿಯಾಕಿ, ಹಿಪ್ಪರಗಿಯಾಕಿ ಎಂದು ಊರ ಮೇಲೇ ಕರೆಯುತ್ತಿದ್ದೆವು. ಚೂಡಿದಾರದ ಓಢಣಿಯನ್ನು ಸೊಂಟಕ್ಕೆ ಬಿಗಿದು ಓಡುತ್ತಿದ್ದೆವು. ಮನಗೂಳಿಯಾಕಿಯದು ಬಲು ಚುರುಕು ಕಾಲು. ಕಂಬದ ಹತ್ತಿರ ಅವಳು ಬಾಗಿ ತಿರುಗಿದರೆ ಬೆನ್ನು ಹತ್ತಿದವಳ ಕೈಗೆ ಗಾಳಿಯೇ ಸಿಗುತ್ತಿತ್ತು.

ನಿಜ ಹೇಳಬೇಕೆಂದರೆ ಆಟಕ್ಕಿಂತ ಹೆಚ್ಚಾಗಿ ನಾವು ಕಾಯುತ್ತಿದ್ದದ್ದು ಪರಊರಿನ ದಾರಿಯನ್ನು. ಇಂಡಿಗೆ ಹೋದಾಗ ಅಲ್ಲಿಯ ಹುಡುಗಿಯರು ತಮ್ಮ ತೋಟದ ನಿಂಬೆಹಣ್ಣಿನ ಪಾನಕ ಕೊಟ್ಟರು. ಬರುವಾಗ ಚೀಲದ ತುಂಬ ಹಣ್ಣನ್ನೂ ತುಂಬಿಕೊಟ್ಟರು. ಮುದ್ದೇಬಿಹಾಳದಲ್ಲಿ ಒಂದು ಖಾನಾವಳಿಗೆ ಹೋದೆವು. ಮಾಲಕರು ನಮ್ಮನ್ನು ನೋಡಿ ಗಾಬರಿಯಾಗಿ 'ಫ್ಯಾಮಿಲಿ ರೂಮಿ'ನ ಪರದೆ ಎತ್ತಿದರು. ನಾಲ್ಕು ಜನ ಹಿಡಿಯುವ ಕತ್ತಲಕೋಣೆ, ಅದರಲ್ಲಿ ಎರಡು ಉಳ್ಳಾಗಡ್ಡಿ ಚೀಲ. ಮೂರು ಪಾಳಿ ಮಾಡಿ ಉಂಡೆವು. ರೊಟ್ಟಿ, ಎಣ್ಣೆಗಾಯಿ, ಮಡಕಿಕಾಳು ಎಲ್ಲ ರುಚಿಯಾಗಿತ್ತು. ಆದರೆ ಪರದೆಯ ಆಚೆ ಗಂಡಸರು ಗಾಳಿಗೆ ಕುಳಿತು ನಗುತ್ತ ಉಣ್ಣುವ ಸಪ್ಪಳ ಕೇಳುತ್ತ, ನಾವು ಕಳ್ಳರಂತೆ ಗಬಗಬ ನುಂಗಿ ಎದ್ದೆವು. ಹೊಟ್ಟೆ ತುಂಬಿತು, ಉಂಡಂತಾಗಲಿಲ್ಲ.

ಡಿಸೆಂಬರಿನಲ್ಲಿ ಸಿಂದಗಿಯಲ್ಲಿ ಪಂದ್ಯವಿತ್ತು. ಒಂದು ಅಂಕದಿಂದ ಸೋತೆವು. ಬರುವಾಗ ದೇವರ ಹಿಪ್ಪರಗಿ ದಾಟಿದ ಮೇಲೆ ಬಸ್ಸಿನ ಗಾಲಿ ಪಂಕ್ಚರಾಯಿತು. ಹೊತ್ತು ಮುಳುಗುತ್ತಿತ್ತು. ರಸ್ತೆಯ ಬದಿಯ ಹೊಲದಲ್ಲಿ ಹೊಗೆ ಕಂಡಿತು. ಕುಣಿಯ ಸುತ್ತ ಕುಳಿತಿದ್ದ ಗಂಡಸರು ನಾಲ್ವರೂ ನಮ್ಮನ್ನು ಕಂಡು ಎದ್ದರು. ಹಿರಿಯರೊಬ್ಬರು, "ಬರ್ರಿ ತಂಗ್ಯಾರ, ಸುಗ್ಗಿ ದಿನದಾಗ ಹೊಲಕ್ಕ ಬಂದವರು ಹಸದ ಹೋಗಬಾರದು" ಎಂದು ಕರೆದರು. ಸರ್ ಬೇಡ ಎಂದು ತಲೆ ಅಲ್ಲಾಡಿಸುವುದರೊಳಗೆ ಮನಗೂಳಿಯಾಕಿ ಬದುವು ದಾಟಿ ಹೋಗಿದ್ದಳು. ಹಿಂದೆ ನಾವು.

ಆ ಹೊಲದ ಅಕ್ಕ ತೆನೆ ತಿಕ್ಕಿ ತಿಕ್ಕಿ ನಮ್ಮ ಕೈಗೆ ಕಾಳು ಸುರಿದರು. ಮನಗೂಳಿಯಾಕಿ ಸ್ವಲ್ಪ ಹೊತ್ತು ನೋಡಿ, "ಅಕ್ಕಾರ, ನೀವ್ಯಾವಾಗ ತಿನ್ನೂದು?" ಎಂದಳು. "ಎಲ್ಲಾರದೂ ಆಗ್ಲೆವಾ, ಆಮ್ಯಾಲ." ಇವಳು ಅವರ ಕೈಯೊಳಗಿನ ತೆನೆ ಕಸಿದುಕೊಂಡು ತಾನೇ ತಿಕ್ಕಿ, ಊದಿ, ಅವರ ಬೊಗಸೆಗೆ ಹಾಕಿದಳು. ಅವರು ನಾಚಿ ನಕ್ಕು ಬಾಯಿಗೆ ಹಾಕಿಕೊಂಡರು. ಕತ್ತಲಾದದ್ದು ನಮಗೆ ಗೊತ್ತಾಗಲಿಲ್ಲ. ಸೋತದ್ದೂ ಮರೆತುಹೋಯಿತು. ಆಕಾಶದ ಕೆಳಗೆ ಕಾಲು ಚಾಚಿ ಕುಳಿತು, ಸಾಕೆನ್ನುವ ತನಕ ತಿಂದದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು.

ಮನೆ ಮುಟ್ಟಿದಾಗ ರಾತ್ರಿ ಒಂಬತ್ತೂವರೆ. ನನಗಿಂತ ಮುಂಚೆ ಸುದ್ದಿ ಮುಟ್ಟಿತ್ತು. ಅದೇ ಬಸ್ಸಿನಲ್ಲಿದ್ದ ಯಾರೋ ಪುಣ್ಯಾತ್ಮರು, ಕಾಲೇಜು ಹುಡುಗಿಯರು ರಸ್ತೆ ಬದಿ ಗಂಡಸರ ಜೊತೆ ಕುಳಿತು ತಿನ್ನುತ್ತಿದ್ದರೆಂದು ಕಟ್ಟೆಗೆ ಬಂದು ಹೇಳಿದ್ದರು. ಅಪ್ಪ ನನ್ನ ಕೈ ನೋಡಿದರು. ಅಂಗೈ ಕರ್ರಗಿತ್ತು. "ನಾಳಿಂದ ಕಾಲೇಜ ಸಾಕು" ಎಂದಷ್ಟೇ ಹೇಳಿ ಮಲಗಲು ಹೋದರು.

ಅವ್ವ ಹಿತ್ತಲಲ್ಲಿ ನನ್ನ ಕೈಗೆ ನೀರು ಹಾಕುತ್ತ ಮೆಲ್ಲಗೆ ಕೇಳಿದಳು, "ಎಷ್ಟ ತಿಂದಿ?"

"ಹೊಟ್ಟಿ ತುಂಬ ತಿಂದೆ ಬೇ."

"ಬಿಸೀದು?"

"ಹೂಂ, ಕುಣ್ಯಾಗಿಂದು."

"ನಾ ಒಮ್ಮೆನೂ ಬಿಸಿ ಸೀತನಿ ತಿಂದಿಲ್ಲ ನೋಡು" ಎಂದಳು. ನಮ್ಮ ಮನೆಯಲ್ಲಿ ಸೀತನಿಗೆ ಹೊಲಕ್ಕೆ ಹೋಗುವವರು ಗಂಡಸರು. ಹಿಂಡಿ, ಬೆಲ್ಲ, ಮೊಸರು ಕಟ್ಟಿಕೊಡುವವಳು ಅವ್ವ. ಅವರು ತಿಂದು ಉಳಿದದ್ದು ಅರಿವೆಯಲ್ಲಿ ಗಂಟು ಕಟ್ಟಿ ಸಂಜೆ ಮನೆಗೆ ಬರುತ್ತಿತ್ತು. ತಣ್ಣಗಾದ ಸೀತನಿ ಎಂದರೆ ನೆನೆದ ಜೋಳ, ಅಷ್ಟೇ. ಹತ್ತೊಂಬತ್ತು ವರ್ಷ ನಾನೂ ಅದನ್ನೇ ಸೀತನಿ ಎಂದುಕೊಂಡಿದ್ದೆ.

ಮೂರು ದಿನ ಮನೆಯಲ್ಲಿದ್ದೆ. ಅವ್ವ ಅಪ್ಪನಿಗೆ ಎದುರಾಡಿದವಳೇ ಅಲ್ಲ. ಮೂರನೇ ರಾತ್ರಿ ಊಟಕ್ಕೆ ಬಡಿಸುತ್ತ, ತಲೆ ಮೇಲಿನ ಸೆರಗು ಸರಿಮಾಡಿಕೊಂಡು ಹೇಳಿದಳು: "ಸೀತನಿ ತಿಂದ್ರ ಮಂದಿ ಕೆಡತಾರ ಅನ್ನೂದಾದ್ರ, ವರ್ಷಾ ತಿಂತಿರಿ, ನೀವೆಷ್ಟು ಕೆಟ್ಟಿರಬೇಕ್ರಿ?" ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. ನಗಲಿಲ್ಲ, ಬೈಯಲೂ ಇಲ್ಲ. ಬೆಳಿಗ್ಗೆ, ಕಾಲೇಜಿಗೆ ಹೋಗಲಿ, ಆದರೆ ಆಟಕ್ಕೆಂದು ಪರಊರಿಗೆ ಹೋಗಕೂಡದು ಎಂದು ಅಪ್ಪಣೆಯಾಯಿತು.

ಮುಂದಿನ ಪಂದ್ಯಕ್ಕೆ ತಂಡ ಹೊರಟಾಗ ನಾನು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕೈ ಬೀಸಿದೆ. ಮನಗೂಳಿಯಾಕಿಯೂ ಬಸ್ಸಿನಲ್ಲಿರಲಿಲ್ಲ. ಅವಳ ಮನೆಯಲ್ಲಿ ಸೆರಗು ಸರಿಮಾಡಿಕೊಂಡು ಮಾತಾಡುವವರು ಯಾರೂ ಇರಲಿಲ್ಲ. ತಾಯಿ ಸಣ್ಣಂದಿನಲ್ಲೇ ತೀರಿಕೊಂಡಿದ್ದರು. ಅದೇ ಬೇಸಿಗೆಯಲ್ಲಿ ಮದುವೆ ಮಾಡಿದರು. ಒಂದು ಶ್ರಾವಣದಲ್ಲಿ ಬಸವೇಶ್ವರ ಜಾತ್ರೆಯಲ್ಲಿ ಸಿಕ್ಕಿದ್ದಳು, ಸೊಂಟದಲ್ಲಿ ಒಂದು, ಕೈಯಲ್ಲಿ ಒಂದು ಕೂಸು. ಕಂಬ ತಿರುಗಿದ ಹಾಗೆ ಜನರ ನಡುವೆ ಹಾದು ಬಂದು, "ಈಗ್ಲೂ ಕೈಗೆ ಸಿಗಾಂಗಿಲ್ಲ ನೋಡು" ಎಂದು ನಕ್ಕಳು. ಆಮೇಲೆ ಸಿಗಲೇ ಇಲ್ಲ.

2025ರ ಜನವರಿ 19ರಂದು ದಿಲ್ಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ಪಿನ ಫೈನಲ್. ನಮ್ಮ ಹುಡುಗಿಯರು ನೇಪಾಳದವರನ್ನು 78-40ರಿಂದ ಸೋಲಿಸಿದರು. ತಂಡದಲ್ಲಿ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದಳು. ತನ್ನ ಕಡೆಯ ಹುಡುಗಿ ಎಂದು ಸೊಸೆ ಬೆಂಗಳೂರಿನಿಂದ ಫೋನು ಮಾಡಿದ್ದೇ ಮಾಡಿದ್ದು. ನಾನು ಬಾಗೇವಾಡಿಯಲ್ಲಿ ಅವ್ವನ ಪಕ್ಕ ಕುಳಿತು ಟೀವಿ ನೋಡುತ್ತಿದ್ದೆ. ಎಂಬತ್ತೆರಡರ ಅವ್ವ, "ಆ ಮನಗೂಳಿ ಹುಡುಗಿ ಹಿಂಗ ಓಡತಿದ್ಲೇನ?" ಎಂದಳು. "ಇದಕಿಂತ ಜೋರ" ಎಂದೆ.

ಮರುದಿನವೇ ಅಣ್ಣನ ಕಾರಿನಲ್ಲಿ ಅವ್ವನನ್ನು ಕರೆದುಕೊಂಡು ಹೊರಟೆ. ಈಗ ರಸ್ತೆ ಬದಿಯಲ್ಲಿ ಹೊಲದವರೇ ಸೀತನಿ ಮಾರುತ್ತಾರೆ, ಕುರ್ಚಿ ಹಾಕಿರುತ್ತಾರೆ. ಅವ್ವ ಕುರ್ಚಿ ಒಲ್ಲೆನೆಂದು ಕುಣಿಯ ಹತ್ತಿರ ನೆಲದ ಮೇಲೇ ಕುಳಿತಳು. ನಾನು ತಿಕ್ಕಿಕೊಡುತ್ತೇನೆಂದರೆ ಕೊಡಲಿಲ್ಲ. ತಾನೇ ತಿಕ್ಕಿದಳು, ಊದಿದಳು. ಹಲ್ಲಿಲ್ಲದ ಬಾಯಲ್ಲಿ ಬಹಳ ಹೊತ್ತು ಆಡಿಸಿದಳು. ನಾನು ರೊಕ್ಕ ಎಣಿಸುತ್ತಿದ್ದುದನ್ನು ಕಂಡು, "ಸೀತನಿಗೂ ರೊಕ್ಕ ಕೊಡತಾರೇನ?" ಎಂದು ಹೊಲದವನನ್ನೇ ಗದರಿಸಿದಳು. ಅವನು ನಕ್ಕು ಇನ್ನೆರಡು ತೆನೆ ಹೆಚ್ಚಿಗೆ ಕೊಟ್ಟ. ಅವ್ವ ಅವನ್ನು ಮನೆಗೆ ಒಯ್ಯಲು ಬಿಡಲಿಲ್ಲ, ಅಲ್ಲೇ ಬೂದಿಗೆ ಹಾಕಿಸಿದಳು.