ಜೋಡಿ ಲೆಕ್ಕ

ಹೋದ ವಾರ ಆರು ಜೀಬ್ರಾ ಮೀನು ತಂದು ತೊಟ್ಟಿಗೆ ಬಿಟ್ಟೆ. ಅಲ್ಲಿ ಮೊದಲೇ ಒಂದು ಜೀಬ್ರಾ ಇತ್ತು. ಜೊತೆಯವೆಲ್ಲ ಸತ್ತ ಮೇಲೆ ನಾಲ್ಕು ತಿಂಗಳಿಂದ ಚೆರ್ರಿ ಬಾರ್ಬ್‌ಗಳ ಬೆನ್ನು ಹಿಡಿದು ಓಡಾಡುತ್ತಿತ್ತು. ಹೊಸವು ಮೂಲೆಯಲ್ಲಿ ಮುದ್ದೆಯಾಗಿ ನಿಂತವು. ಹಳೆಯದು ಗಿಡದ ಮರೆಯಿಂದ ಬಂದು, ಗೇಣು ದೂರದಲ್ಲಿ ತಡೆದು, ರೆಕ್ಕೆ ಬಿಚ್ಚಿ, ಮಡಚಿ, ಸೀದಾ ನಡುವೆ ತೂರಿಕೊಂಡಿತು. ಹತ್ತು ನಿಮಿಷದಲ್ಲಿ ಏಳೂ ಒಟ್ಟಿಗೆ ತಿರುಗುತ್ತಿದ್ದವು. ಹಳೆಯದು ಯಾವುದೆಂದು ನನಗೆ ಗುರುತೇ ಸಿಗಲಿಲ್ಲ.

ನನ್ನ ಜಗಳ ಜೋಡಿ ಲೆಕ್ಕದ ಜೊತೆ. ಮೀನಿನಂಗಡಿಗೆ ಕಾಲಿಟ್ಟರೆ ಸಾಕು, ‘ಎಷ್ಟು ಜೋಡಿ ಸಾರ್?’ ಗಂಡುಹೆಣ್ಣು ನೋಡಿ ಕೊಡುವ ಜೋಡಿಯಲ್ಲ ಅದು, ಬಲೆಗೆ ಸಿಕ್ಕ ಎರಡು ಅಷ್ಟೆ. ಚಪ್ಪಲಿಗೆ ಸರಿಹೋಗುವ ಲೆಕ್ಕ. ಮಕ್ಕಳ ಕೈ ಹಿಡಿದು ಬಂದವರು ಜೀಬ್ರಾ ಒಂದು ಜೋಡಿ, ನಿಯಾನ್ ಒಂದು ಜೋಡಿ, ಟೈಗರ್ ಬಾರ್ಬ್ ಒಂದು ಜೋಡಿ ಒಯ್ಯುತ್ತಾರೆ. ಅವರ ಮೇಲೆ ಸಿಟ್ಟಿಲ್ಲ. ವರ್ಷಗಟ್ಟಲೆ ಮೀನು ಸಾಕಿಯೂ ‘ತೊಟ್ಟಿ ಬಣ್ಣಬಣ್ಣವಾಗಿರಲಿ’ ಎಂದು ಇದನ್ನೇ ಕಲಿಸುವವರ ಮೇಲೆ ಸಿಟ್ಟು. ಎರಡೇ ಟೈಗರ್ ಬಾರ್ಬ್ ಇದ್ದರೆ ಬಲವಾದದ್ದು ಇನ್ನೊಂದನ್ನು ಅಟ್ಟಾಡಿಸಿ ರೆಕ್ಕೆ ಹರಿಯುತ್ತದೆ. ಎಂಟಿದ್ದರೆ ಆ ಕಾದಾಟ ಹಂಚಿಹೋಗುತ್ತದೆ. ಒಂಟಿ ಮೀನು ಬೇರೆ ಜಾತಿಯ ಹಿಂದೆ ಹೋದರೆ ‘ಎಷ್ಟು ಚೆನ್ನಾಗಿ ಹೊಂದಿಕೊಂಡಿದೆ’ ಎನ್ನುತ್ತಾರೆ. ಹೊಂದಿಕೊಂಡಿಲ್ಲ ಸ್ವಾಮಿ, ಹೆದರಿದೆ! ಹೊಳೆಯಲ್ಲಿ ಗುಂಪು ತಪ್ಪಿದ ಮೀನು ಸುಲಭದ ತುತ್ತು. ಆ ಭಯ ಗಾಜಿನ ತೊಟ್ಟಿಗೆ ಬಂದ ಮೇಲೂ ಬಿಡುವುದಿಲ್ಲ.

ಕನ್ನಡಿ ಕಾಣದ ಮೀನು ತನ್ನವರನ್ನು ಗುರುತಿಸುವುದು ಹೇಗೆ? 2004ರಲ್ಲಿ ಪ್ರಕಟವಾದ ಪ್ರಯೋಗವೊಂದು ನನಗೆ ಬಲು ಇಷ್ಟ. ಪಟ್ಟೆಯಿರುವ ಜೀಬ್ರಾ ಮರಿಗಳನ್ನು ಪಟ್ಟೆಯಿಲ್ಲದ ಜೀಬ್ರಾಗಳ ನಡುವೆ ಬೆಳೆಸಿದರು. ದೊಡ್ಡವಾದ ಮೇಲೆ ಅವು ಪಟ್ಟೆಯಿಲ್ಲದವುಗಳ ಬಳಿಗೇ ಹೋದವು. ಒಡನೆ ಬೆಳೆದವರೇ ತನ್ನವರು. ತನ್ನ ಮೈಬಣ್ಣ ಲೆಕ್ಕಕ್ಕೇ ಇಲ್ಲ.

ಈ ಮೀನನ್ನು 1822ರಲ್ಲಿ ಮೊದಲು ವರ್ಣಿಸಿದವನು ಫ್ರಾನ್ಸಿಸ್ ಹ್ಯಾಮಿಲ್ಟನ್. ಟಿಪ್ಪು ಮಡಿದ ಮರುವರ್ಷ ಮೈಸೂರು ಸೀಮೆ ಸುತ್ತಿ ನಮ್ಮ ಬೆಳೆ, ಕೆರೆ, ಕಸುಬುಗಳನ್ನೆಲ್ಲ ಬರೆದಿಟ್ಟ ಬುಕನನ್ ಅವನೇ, ಹೆಸರು ಆಮೇಲೆ ಬದಲಾಯಿತು. ಗಂಗೆಯ ಮೀನುಗಳ ಪುಸ್ತಕದಲ್ಲಿ ಬೆರಳುದ್ದವೂ ಇಲ್ಲದ ಇದಕ್ಕೂ ಜಾಗ ಕೊಟ್ಟ. ಚುಕ್ಕೆ ಮೈಯ ‘ಲೆಪರ್ಡ್’ಗೆ 1963ರಲ್ಲಿ ಬೇರೆ ಜಾತಿಯೆಂದೇ ಹೆಸರಿಟ್ಟಿದ್ದರು, ಅದೂ ಜೀಬ್ರಾವೇ ಎಂದು ಗೊತ್ತಾದದ್ದು ಆಮೇಲೆ.

ಚುಕ್ಕೆಯವು ನನ್ನ ಪಟ್ಟೆಯವುಗಳ ಜೊತೆ ಸೇರುತ್ತವೆಯೋ, ತಮ್ಮದೇ ಗುಂಪು ಕಟ್ಟುತ್ತವೆಯೋ ಕಣ್ಣಾರೆ ನೋಡಬೇಕು. ಭಾನುವಾರ ಅಂಗಡಿಗೆ ಹೋಗಿ ಏಳು ಕೇಳುತ್ತೇನೆ.