ಅಯಸ್ಕಾಂತಕ್ಕೆ ಅಂಟದ ಫೋರ್ಕ್

ಸೈಕಲ್ಲಿನ ಮುಂದಿನ ಶಾಕಬ್ಸರ್ ಬದಲಿಸುತ್ತೇನೆ ಅಂದರೆ ಶಿವಮೊಗ್ಗದಲ್ಲಿ ಮೊದಲು ಕೇಳಿಬರುವುದು ಒಂದೇ ಮಾತು: 'ಆ ದುಡ್ಡಿಗೆ ಸೆಕೆಂಡ್‌ಹ್ಯಾಂಡ್ ಬೈಕೇ ಬರ್ತದಲ್ಲ ಮಾರಾಯ್ರೇ!' ಮಾತು ಸುಳ್ಳಲ್ಲ. ಹಾಗಾಗಿ ವಾದಕ್ಕೆ ಹೋಗದೆ ನಕ್ಕು ಮುಂದೆ ಹೋಗುವುದನ್ನು ಅಭ್ಯಾಸ ಮಾಡಿಕೊಂಡಿದ್ದೇನೆ. ಗುಡ್ಡದ ನೆತ್ತಿಗೆ ಬೆವರು ಸುರಿಸಿ ಸೈಕಲ್ ತಳ್ಳಿಕೊಂಡು ಹೋಗುವುದು, ಅಷ್ಟೂ ಶ್ರಮವನ್ನು ಐದೇ ನಿಮಿಷದಲ್ಲಿ ಇಳಿದು ಮುಗಿಸುವುದು. ಈ ಹುಚ್ಚಿಗೆ ಲೆಕ್ಕಪತ್ರ ತೋರಿಸಲು ಹೋದವರು ಯಾರೂ ಗೆದ್ದಿಲ್ಲ.

ಬಿ.ಎಚ್. ರಸ್ತೆ ಹಿಡಿದು ಭದ್ರಾವತಿಗೆ ಹೋಗುವವರಿಗೆ ನಮ್ಮ ಸೀಮೆಯಲ್ಲಿ ಇಳಿಜಾರು ಇದೆ ಅನ್ನಿಸುವುದೇ ಇಲ್ಲ. ಡಾಂಬರು ಬಿಟ್ಟು ಒಳಗೆ ಸರಿಯಬೇಕು. ನಾಲೆ ಏರಿ ದಾಟಿ ನೀಲಗಿರಿ ತೋಪು ಹೊಕ್ಕರೆ ಗಾಡಿಜಾಡುಗಳು ಗುಡ್ಡದ ಮೈಮೇಲಿಂದ ಕೆಳಗಿಳಿಯುತ್ತವೆ. ಆಷಾಢದ ಮಳೆ ಅವುಗಳ ನಡುವೆ ಮೊಣಕಾಲುದ್ದದ ಕೊರಕಲು ಕೊರೆದಿರುತ್ತದೆ. ಬೇರುಗಳು ಅಡ್ಡಡ್ಡ ಎದ್ದಿರುತ್ತವೆ. ಬೇಸಿಗೆ ಬಂತೆಂದರೆ ಜಂಬಿಟ್ಟಿಗೆಯ ಉರುಟು ಹರಳು ಚಕ್ರದಡಿಯಲ್ಲಿ ರಾಗಿ ಚೆಲ್ಲಿದ ಅಂಗಳದಂತೆ ಜಾರುತ್ತದೆ. ಇಂಥ ಕಡೆ ಸವಾರನಿಗೂ ನೆಲಕ್ಕೂ ನಡುವೆ ಮಾತುಕತೆ ನಡೆಸುವುದು ಮುಂದಿನ ಫೋರ್ಕ್ ಒಂದೇ.

ಸೈಕಲ್ಲಿಗೆ ಇಂಥ ಕುಗ್ಗುವ ಫೋರ್ಕ್ ತಂದವರು ಮೋಟಾರ್‌ಸೈಕಲ್ ಲೋಕ ಬಲ್ಲವರು. ಅಮೆರಿಕದ ಪಾಲ್ ಟರ್ನರ್ 1989ರಲ್ಲಿ ರಾಕ್‌ಶಾಕ್ಸ್ ಕಂಪನಿ ಶುರುಮಾಡಿದ. 1990ರಲ್ಲಿ ಕೊಲರಾಡೋದ ಡುರಾಂಗೊದಲ್ಲಿ ಮೌಂಟನ್ ಬೈಕಿನ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ ಗ್ರೆಗ್ ಹರ್ಬೋಲ್ಡ್ ಆ ಕಂಪನಿಯ ಆರ್‌ಎಸ್-1 ಫೋರ್ಕ್ ಹಾಕಿಕೊಂಡೇ ಇಳಿಜಾರಿನ ಸ್ಪರ್ಧೆಯಾದ ಡೌನ್‌ಹಿಲ್ ಗೆದ್ದ. ಆ ಫೋರ್ಕ್ ಕುಗ್ಗುತ್ತಿದ್ದದ್ದು 5 ಸೆಂ.ಮೀ.ಗಿಂತ ತುಸು ಕಡಿಮೆ. ಇಂದಿನ ಡೌನ್‌ಹಿಲ್ ಫೋರ್ಕುಗಳು 200 ಮಿ.ಮೀ. ಕುಗ್ಗುತ್ತವೆ. ಫ್ರೇಮಿನ ಮುಂಗೊಳವೆಯಾದ ಹೆಡ್ ಟ್ಯೂಬಿನ ಕೆಳಗೊಂದು ಮೇಲೊಂದು ಕ್ರೌನ್ ಎಂಬ ಅಡ್ಡಪಟ್ಟಿ, ಅವುಗಳನ್ನು ಹಾದುಹೋಗುವ ದಪ್ಪ ಕೊಳವೆಗಳು. ದೂರದಿಂದ ನೋಡಿದರೆ ಮೋಟಾರ್‌ಸೈಕಲ್ಲೇ. ಫಾಕ್ಸ್ 40 ಅಥವಾ ಬಾಕ್ಸರ್ ಫೋರ್ಕಿನ ಚಿತ್ರ ನೋಡುತ್ತ ನಾನು ಕಳೆದ ರಾತ್ರಿಗಳನ್ನು ಮನೆಯವರು ಇನ್ನೂ ಮರೆತಿಲ್ಲ.

ಆಸೆಗೆ ಮಿತಿ ಹಾಕಿದ್ದು ಫ್ರೇಮು. ನನ್ನದು ಹಿಂದೆ ಶಾಕಬ್ಸರ್ ಇಲ್ಲದ ಹಾರ್ಡ್‌ಟೇಲ್, 100 ಮಿ.ಮೀ. ಫೋರ್ಕಿಗೆಂದು ಕಟ್ಟಿದ್ದು. ಫೋರ್ಕ್ 20 ಮಿ.ಮೀ. ಉದ್ದವಾದರೆ ಹ್ಯಾಂಡಲ್ಲಿನ ಕೋನ ಸುಮಾರು ಒಂದು ಡಿಗ್ರಿ ಹಿಂದಕ್ಕೆ ವಾಲುತ್ತದೆ. ಅಷ್ಟು ವಾಲಿದರೆ ಇಳಿಜಾರಿನಲ್ಲಿ ಧೈರ್ಯ ಬರುತ್ತದೆ. ಅತಿಯಾದರೆ ಏರಿನಲ್ಲಿ ಮುಂದಿನ ಚಕ್ರ ಅಲೆಯುತ್ತದೆ, ಉದ್ದ ಫೋರ್ಕಿನ ಪೆಟ್ಟೆಲ್ಲ ಹೆಡ್ ಟ್ಯೂಬಿನ ಬೆಸುಗೆಯ ಮೇಲೆ ಬೀಳುತ್ತದೆ. ಫ್ರೇಮಿನವರು ಒಪ್ಪುವ ಗರಿಷ್ಠ 120. ಹೀಗೆ ಡಬಲ್ ಕ್ರೌನಿನ ಕನಸಿಗೆ ಅಲ್ಲಿಗೇ ಎಳ್ಳುನೀರು.

ಆಮೇಲಿನದು ಅಳತೆಯ ಹಬ್ಬ. ವರ್ನಿಯರ್ ಹಿಡಿದು ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಫೋರ್ಕಿನ ಕತ್ತು ಉದ್ದಕ್ಕೂ 28.6 ಮಿ.ಮೀ. ಇರುವುದೋ, ಕೆಳಗೆ 40ರ ಹತ್ತಿರಕ್ಕೆ ದಪ್ಪವಾಗುವುದೋ? ಅಚ್ಚು 9 ಮಿ.ಮೀ. ಕ್ವಿಕ್ ರಿಲೀಸೋ, 15 ಮಿ.ಮೀ. ಥ್ರೂ ಆಕ್ಸಲ್ಲೋ? ದಪ್ಪ ಅಚ್ಚಿಗೆ ಮನಸ್ಸು ಸೋಲುತ್ತದೆ, ಏಕೆಂದರೆ ಕೊರಕಲಿನಲ್ಲಿ ಚಕ್ರ ತಿರುಚಿಕೊಳ್ಳುವುದಿಲ್ಲ. ಆದರೆ ಅಚ್ಚು ಬದಲಾದರೆ ಹಬ್ ಬದಲಾಗಬೇಕು, ಹಬ್ ಬದಲಾದರೆ ಕಡ್ಡಿ ಬಿಚ್ಚಿ ಚಕ್ರವನ್ನೇ ಮತ್ತೆ ಕಟ್ಟಬೇಕು.

ಇಷ್ಟೆಲ್ಲ ಆದ ಮೇಲೂ ಗಿರಾಕಿಗಳು ಕೇಳುವುದು 'ಎಷ್ಟು ಮಿ.ಮೀ. ಕುಗ್ಗುತ್ತದೆ?' ಅಂತ. ನನ್ನ ಮಟ್ಟಿಗೆ ಅದು ಎರಡನೆಯ ಪ್ರಶ್ನೆ. ಮೊದಲನೆಯದು, ಕುಗ್ಗಿದ್ದು ಹೇಗೆ ಮರಳುತ್ತದೆ? ಅಗ್ಗದ ಫೋರ್ಕಿನಲ್ಲಿ ಸ್ಪ್ರಿಂಗ್ ಇರುತ್ತದೆ, ಅದನ್ನು ಹಿಡಿದು ನಿಲ್ಲಿಸುವವರು ಇರುವುದಿಲ್ಲ. ಬೇರಿಗೆ ತಾಗಿ ಕುಗ್ಗಿದ ಸ್ಪ್ರಿಂಗ್ ತಾನು ನುಂಗಿದ ಪೆಟ್ಟನ್ನು ಬಡ್ಡಿ ಸಮೇತ ಕೈಗೆ ವಾಪಸು ಕೊಡುತ್ತದೆ. ಒಳ್ಳೆಯ ಏರ್ ಫೋರ್ಕಿನಲ್ಲಿ ಕಾಲುಗಳು ಕೆಲಸ ಹಂಚಿಕೊಂಡಿರುತ್ತವೆ. ಒಂದು ಕಾಲಿನಲ್ಲಿ ಒತ್ತಿಟ್ಟ ಗಾಳಿ. ಇನ್ನೊಂದರಲ್ಲಿ ಎಣ್ಣೆ, ಸಣ್ಣ ತೂತುಗಳ ಪಿಸ್ಟನ್ನು. ಎಣ್ಣೆ ಆ ತೂತುಗಳಲ್ಲಿ ನುಸುಳುವಾಗ ಪೆಟ್ಟಿನ ಶಕ್ತಿ ಬಿಸಿಯಾಗಿ ಕರಗುತ್ತದೆ. ತಳದ ಕೆಂಪು ತಿರುಪು ಆ ನುಸುಳುವಿಕೆಯ ವೇಗ ನಿರ್ಧರಿಸುತ್ತದೆ. ಹಣ ಕೊಡಬೇಕಾದದ್ದು ಈ ಎಣ್ಣೆಯ ಕಾಲಿಗೆ.

ಬೆಂಗಳೂರಿನಿಂದ ಬಂದ 120 ಮಿ.ಮೀ. ಏರ್ ಫೋರ್ಕನ್ನು ಕಟ್ಟಿಕೊಂಡು ನೇರ ಹೋದದ್ದು ಭದ್ರಾವತಿಯ ನ್ಯೂಟೌನಿಗೆ, ಸೋದರಮಾವನ ಮನೆಗೆ. ಅವರು ಅಲ್ಲಿನ ಉಕ್ಕಿನ ಕಾರ್ಖಾನೆ ವಿ.ಐ.ಎಸ್.ಎಲ್.ನ ಮಷಿನ್ ಶಾಪಿನಲ್ಲಿ ದುಡಿದು ನಿವೃತ್ತರಾದವರು. ಕೆಮ್ಮಣ್ಣುಗುಂಡಿಯ ಅದಿರು ರೋಪ್‌ವೇಯ ತೊಟ್ಟಿಗಳಲ್ಲಿ ಇಳಿದು ಬರುತ್ತಿದ್ದ ಊರದು. 1923ರಲ್ಲಿ ಸೌದೆಯ ಇದ್ದಿಲು ಉರಿಸಿ ಕಬ್ಬಿಣ ಕರಗಿಸತೊಡಗಿದ ಮೈಸೂರು ಐರನ್ ವರ್ಕ್ಸೇ ಮುಂದೆ ವಿ.ಐ.ಎಸ್.ಎಲ್. ಆಯಿತು, ಮಿಶ್ರಲೋಹದ ಉಕ್ಕಿಗೂ ಹೆಸರಾಯಿತು. ಅಲ್ಲಿಯವರ ಕೈಗೆ ಲೋಹದ ವಸ್ತು ಕೊಟ್ಟರೆ ಬೆಲೆ ಕೇಳುವುದಿಲ್ಲ, 'ಯಾವ ಗ್ರೇಡು?' ಅನ್ನುತ್ತಾರೆ.

ಮಾವ ಒಳಗಿನಿಂದ ಅಯಸ್ಕಾಂತ ತಂದರು. ಹಳೆಯ ಫೋರ್ಕಿನ ಕೊಳವೆಗೆ ಹಿಡಿದರೆ ಟಕ್ಕನೆ ಕಚ್ಚಿತು. ಹೊಸದರ ಕೊಳವೆಗೆ ಹಿಡಿದರು, ಜಾರಿತು. ಕೆಳಗಿನ ಕಾಲಿಗೆ ಹಿಡಿದರು, ಅಲ್ಲೂ ಜಾರಿತು.

'ಏನೋ ಇದು, ಕಬ್ಬಿಣವೇ ಇಲ್ವಲ್ಲೋ?'

'ಕೊಳವೆ ಅಲ್ಯೂಮಿನಿಯಂ ಮಾವ, ಕೆಳಗಿಂದು ಮೆಗ್ನೀಸಿಯಂ. ಸ್ಪ್ರಿಂಗ್ ಬದಲು ಗಾಳಿ.'

'ಗಾಳಿಗೆ ಇಷ್ಟು ದುಡ್ಡು ಕೊಟ್ಯಾ?'

ಭದ್ರಾವತಿಯಲ್ಲಿ ನಿಂತು ಉಕ್ಕು ಬೇಡವೆಂದವನಿಗೆ ಅಷ್ಟು ಮಾತು ಬೇಕಾದದ್ದೇ. ಆದರೂ ಕತ್ತನ್ನು ಉದ್ದಕ್ಕೆ ತಕ್ಕಂತೆ ಕೊಯ್ಯುವ ಕೆಲಸವನ್ನು ಅವರು ನನಗೆ ಬಿಡಲಿಲ್ಲ. ಸುತ್ತಲೂ ಗೆರೆ ಗೀಚಿ, ವೈಸಿಗೆ ಕಚ್ಚಿಸಿ, ಹ್ಯಾಕ್ಸಾದಲ್ಲಿ ಒಂದೇ ಲಯದಲ್ಲಿ ಕೊಯ್ದು, ಅರದಿಂದ ಅಂಚು ನಯಮಾಡಿ ಕೊಟ್ಟರು. ಮಟ್ಟಗೋಲು ಇಟ್ಟು ನೋಡಿದರೆ ಕೂದಲೆಳೆಯಷ್ಟೂ ಓರೆಯಿಲ್ಲ.

ಮುಂದಿನದು ಗಾಳಿಯ ಪಾಕ. ಬೆನ್ನುಚೀಲ, ಹೆಲ್ಮೆಟ್ಟು ಸಮೇತ ಸೈಕಲ್ ಏರಿ ನಿಂತಾಗ ಫೋರ್ಕ್ ತಾನು ಕುಗ್ಗುವ ಉದ್ದದ ಕಾಲುಭಾಗ, ಅಂದರೆ 30 ಮಿ.ಮೀ., ಕುಸಿದಿರಬೇಕು. ಹಾಗೆ ಕುಸಿದಿದ್ದರೆ ತಾನೆ ಗುಂಡಿ ಬಂದಾಗ ಚಕ್ರ ಕೆಳಗಿಳಿದು ನೆಲ ಮುಟ್ಟುವುದು. ಕೆಂಪು ತಿರುಪನ್ನು ಒಂದೊಂದೇ ಕ್ಲಿಕ್ ತಿರುಗಿಸಿ ಅದೇ ಬೇರುಗಳ ಮೇಲೆ ಮತ್ತೆ ಮತ್ತೆ ಇಳಿಯಬೇಕು. ಮರಳುವುದು ಬೇಗವಾದರೆ ಹ್ಯಾಂಡಲ್ ಒದೆಯುತ್ತದೆ. ನಿಧಾನವಾದರೆ ಮೊದಲ ಬೇರಿನಿಂದ ಏಳುವಷ್ಟರಲ್ಲಿ ಎರಡನೆಯದು ಬಂದು, ಫೋರ್ಕ್ ಕುಗ್ಗುತ್ತ ಕುಗ್ಗುತ್ತ ಗಟ್ಟಿಯಾಗುತ್ತದೆ. ಎರಡರ ನಡುವಿನ ಹದ ಸಿಕ್ಕ ದಿನ ಹರಳಿನ ಮೇಲೂ ಮುಂದಿನ ಚಕ್ರ ನೆಲ ಬಿಡಲಿಲ್ಲ.

ಚಕ್ರ ನೆಲ ಬಿಡದ ಮೇಲೆ ವೇಗ ಏರಿತು, ಏರಿದ ವೇಗಕ್ಕೆ ಬ್ರೇಕ್ ಸಾಲದಾಯಿತು. ಈಗ 160 ಸಾಕೋ, 180 ಮಿ.ಮೀ. ಡಿಸ್ಕ್ ಬೇಕೋ ಎಂಬ ಚಿಂತನೆ ನಡೆದಿದೆ. ಮಾವನಿಗೆ ಫೋನಿನಲ್ಲಿ ಹೇಳಿದೆ. ದುಡ್ಡಿನ ವಿಷಯ ಎತ್ತುವ ಮೊದಲೇ ಕೇಳಿದರು, 'ಅದಾದ್ರೂ ಉಕ್ಕಿಂದಾ?' ಹೌದು ಅಂದೆ. 'ಹಾಗಾದ್ರೆ ದೊಡ್ಡದೇ ಹಾಕ್ಸು' ಅಂದರು.